ಸಾಸೇಜ್, ಸಲಾಮಿ, ಹ್ಯಾಮ್: ಮನೆಯ ನಾಯಿಗೆ ಹಾಕಬಹುದೇ?



ಕರಾವಳಿಯ ಕ್ರೈಸ್ತ ಮನೆಗಳಲ್ಲಿ ನಾಯಿ ಇಲ್ಲದ ಅಂಗಳ ಅಪರೂಪ. ತೋಟದ ಕಾವಲಿಗೆಂದು ತಂದ ಊರ ನಾಯಿಯೇ ಇರಲಿ, ಮಕ್ಕಳ ಹಟಕ್ಕೆ ತಂದ ಪಾಮೆರೇನಿಯನ್ ಇರಲಿ, ಅದು ಮನೆಯವರಲ್ಲಿ ಒಬ್ಬನೇ. ಕ್ರಿಸ್‌ಮಸ್, ಇಗರ್ಜಿಯ ವಾರ್ಷಿಕ ಹಬ್ಬ, ರೋಸ್, ಮದುವೆ ಎಂದು ಮನೆಯಲ್ಲಿ ವಿಶೇಷ ಅಡುಗೆ ಆದಾಗ ಅದಕ್ಕೂ ಒಂದು ಪಾಲು ಸಲ್ಲಬೇಕೆಂದು ನಮಗೆ ಅನಿಸುವುದು ಸಹಜ. ಹಿಂದೆ ಆ ಪಾಲು ಎಂದರೆ ಮೂಳೆ, ಮೀನಿನ ತಲೆ, ಕುಚ್ಚಲಕ್ಕಿ ಅನ್ನ. ಈಗ ಕೋಲ್ಡ್ ಸ್ಟೋರೇಜ್ ಅಂಗಡಿಯಿಂದ ತಂದ ಸಾಸೇಜ್, ಸಲಾಮಿ, ಹ್ಯಾಮ್, ಬೇಕನ್ ಕೂಡ ಆ ತಟ್ಟೆಗೆ ಬೀಳುತ್ತಿವೆ. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದವರು ತಂದ ಡಬ್ಬಿ ಮಾಂಸವೂ ಕೆಲವೊಮ್ಮೆ ಸೇರುತ್ತದೆ. ಕೆನಡಾ, ಇಂಗ್ಲೆಂಡ್‌ಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಂತೂ ತೆಳುವಾಗಿ ಕೊಯ್ದ ಮಾಂಸದ ಪೊಟ್ಟಣ ಫ್ರಿಜ್‌ನಲ್ಲಿ ದಿನವೂ ಇರುವ ವಸ್ತು.

ಇವು ನಾಯಿಗೆ ಒಳ್ಳೆಯದೇ, ಕೆಟ್ಟದೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಆರೋಗ್ಯವಾಗಿರುವ ನಾಯಿ ಮಗುವಿನ ಕೈಯಿಂದ ಜಾರಿದ ಒಂದು ಚೂರು ಹ್ಯಾಮ್ ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆಸ್ಪತ್ರೆಗೆ ಓಡಬೇಕಾಗಿಲ್ಲ. ಆದರೆ ಇವು ನಾಯಿಯ ಆಹಾರವಲ್ಲ. ದಿನನಿತ್ಯ ಕೊಡುವ ಅಭ್ಯಾಸವೂ ಹಬ್ಬದ ದಿನ ಒಮ್ಮೆಲೇ ತಟ್ಟೆ ತುಂಬ ಸುರಿಯುವ ಪ್ರೀತಿಯೂ ನಾಯಿಯ ಜೀವಕ್ಕೆ ಕುತ್ತು ತರಬಲ್ಲವು. ಅಪಾಯ ಎಲ್ಲಿದೆ ಎಂದು ತಿಳಿದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದೂ ತಿಳಿಯುತ್ತದೆ.

ಉಪ್ಪಿನ ಲೆಕ್ಕ

ಮಾಂಸವನ್ನು ಕೆಡದಂತೆ ಇಡಲು ಮನುಷ್ಯ ಕಂಡುಕೊಂಡ ಮೊದಲ ಉಪಾಯಗಳಲ್ಲಿ ಉಪ್ಪು ಒಂದು. ಮಳೆಗಾಲಕ್ಕೆಂದು ಮೀನನ್ನು ಉಪ್ಪು ಹಾಕಿ ಒಣಗಿಸುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹ್ಯಾಮ್, ಸಲಾಮಿಗಳು ಯುರೋಪಿನಲ್ಲಿ ಹುಟ್ಟಿದ್ದೂ ಇದೇ ಕಾರಣಕ್ಕೆ. 100 ಗ್ರಾಂ ಹ್ಯಾಮ್‌ನಲ್ಲಿ ಹೆಚ್ಚುಕಡಿಮೆ 1000ದಿಂದ 1200 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಸುಮಾರು 3 ಗ್ರಾಂ ಉಪ್ಪು. ಸಲಾಮಿಯಲ್ಲಿ ಇನ್ನೂ ಹೆಚ್ಚು. ತಯಾರಕರಿಂದ ತಯಾರಕರಿಗೆ ಇದು ಬದಲಾಗುತ್ತದೆ. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಸೋಡಿಯಂ ಎಷ್ಟು ಎಂದು ಮುದ್ರಿಸಿರುತ್ತಾರೆ, ಒಮ್ಮೆ ನೋಡಿ.

ಈಗ ನಾಯಿಯ ಕಡೆಯಿಂದ ನೋಡೋಣ. 10 ಕಿಲೋ ತೂಕದ ನಾಯಿಗೆ ದಿನಕ್ಕೆ ಬೇಕಾದ ಸೋಡಿಯಂ ಸುಮಾರು 120ರಿಂದ 150 ಮಿಲಿಗ್ರಾಂ. 45 ಗ್ರಾಂ ತೂಗುವ ಒಂದು ಸಾಸೇಜ್‌ನಲ್ಲಿ 400 ಮಿಲಿಗ್ರಾಂ ಇರುವುದು ಸಾಮಾನ್ಯ. ಹಾಗಾದರೆ ಒಂದೇ ಸಾಸೇಜ್‌ನಲ್ಲಿ ಸುಮಾರು ಮೂರು ದಿನಗಳ ಅಗತ್ಯದಷ್ಟು ಉಪ್ಪು ಹೋಯಿತು.

ಇಷ್ಟು ಕೇಳಿ ಗಾಬರಿಯಾಗಬೇಡಿ. ಆರೋಗ್ಯವಂತ ನಾಯಿಯ ಮೂತ್ರಪಿಂಡಗಳು ಹೆಚ್ಚಾದ ಉಪ್ಪನ್ನು ಹೊರಹಾಕುತ್ತವೆ, ಆದರೆ ಅದಕ್ಕೆ ಕುಡಿಯಲು ಬೇಕಾದಷ್ಟು ನೀರು ಸಿಗಬೇಕು. ನಾಯಿಗೆ ಉಪ್ಪಿನ ವಿಷ ಏರಿದ ಲಕ್ಷಣಗಳು ಕಾಣಿಸಿಕೊಳ್ಳುವುದು ಪ್ರತಿ ಕಿಲೋ ದೇಹತೂಕಕ್ಕೆ 2ರಿಂದ 3 ಗ್ರಾಂ ಉಪ್ಪು ಒಳಹೋದಾಗ. 4 ಗ್ರಾಂ ತಲುಪಿದರೆ ಪ್ರಾಣಕ್ಕೇ ಅಪಾಯ. 10 ಕಿಲೋ ನಾಯಿ ಲಕ್ಷಣ ಕಾಣಿಸುವ ಮಟ್ಟ ಮುಟ್ಟಬೇಕಾದರೂ ಮುಕ್ಕಾಲು ಕಿಲೋದಷ್ಟು ಹ್ಯಾಮ್ ತಿನ್ನಬೇಕು. ಹಾಗಾಗಿ ಎರಡು ಚೂರು ತಿಂದ ನಾಯಿ ಉಪ್ಪಿನಿಂದ ಸತ್ತುಹೋಗುತ್ತದೆ ಎಂಬ ಮಾತು ಸರಿಯಲ್ಲ. ಆದರೆ 3 ಕಿಲೋ ತೂಕದ ಪುಟ್ಟ ಪಾಮೆರೇನಿಯನ್‌ಗೆ ಲೆಕ್ಕವೇ ಬೇರೆ. ಕಟ್ಟಿಹಾಕಿದ್ದು, ನೀರಿನ ಬಟ್ಟಲು ಮಗುಚಿ ಬಿದ್ದಿದ್ದು, ಮನೆಯವರೆಲ್ಲ ಮದುವೆಗೆ ಹೋಗಿರುವ ನಾಯಿಗೂ ಲೆಕ್ಕ ಬೇರೆ.

ಉಪ್ಪು ನಿಜಕ್ಕೂ ಹಾನಿ ಮಾಡುವುದು ವಯಸ್ಸಾದ ನಾಯಿಗಳಿಗೆ. ಸಣ್ಣ ಜಾತಿಯ ನಾಯಿಗಳಲ್ಲಿ ಎಂಟು-ಹತ್ತು ವರ್ಷ ದಾಟಿದ ಮೇಲೆ ಹೃದಯದ ಕವಾಟ ಸಡಿಲವಾಗುವ ಕಾಯಿಲೆ ತುಂಬ ಸಾಮಾನ್ಯ. ರಾತ್ರಿ ಕೆಮ್ಮುವುದು, ಸ್ವಲ್ಪ ನಡೆದರೂ ಏದುಸಿರು ಬಿಡುವುದು ಇದರ ಗುರುತು. ಇಂಥ ನಾಯಿಯ ದೇಹದಲ್ಲಿ ಉಪ್ಪು ನಿಂತರೆ ಅದರೊಂದಿಗೆ ನೀರೂ ನಿಲ್ಲುತ್ತದೆ. ಆ ನೀರು ಶ್ವಾಸಕೋಶಕ್ಕೆ ಇಳಿದರೆ ಉಸಿರಾಟವೇ ಕಷ್ಟ. ಮೂತ್ರಪಿಂಡದ ತೊಂದರೆ ಇರುವ ನಾಯಿಗೂ ಉಪ್ಪಿನಲ್ಲಿಟ್ಟ ಮಾಂಸ ಸಲ್ಲದು. ವಿಪರ್ಯಾಸವೆಂದರೆ, ಇಂಥ ರೋಗಿ ನಾಯಿಗಳೇ ಹೆಚ್ಚು ಸಾಸೇಜ್ ತಿನ್ನುವುದು. ಯಾಕೆಂದರೆ ದಿನವೂ ಕೊಡಬೇಕಾದ ಹೃದಯದ ಮಾತ್ರೆಯನ್ನು ಮನೆಯವರು ಸಾಸೇಜ್ ತುಂಡಿನೊಳಗೆ ಅಡಗಿಸಿ ಕೊಡುತ್ತಾರೆ. ಹೃದಯಕ್ಕೆಂದು ಮಾತ್ರೆ, ಆ ಮಾತ್ರೆಯ ಜೊತೆಗೇ ಹೃದಯಕ್ಕೆ ಆಗದ ಉಪ್ಪು. ಬಾಳೆಹಣ್ಣಿನ ತುಂಡು, ಇಡ್ಲಿಯ ಚೂರು, ಉಪ್ಪಿಲ್ಲದ ಅನ್ನದ ಉಂಡೆ ಇದ್ದರೆ ಆ ಕೆಲಸ ಆಗುತ್ತದೆ. ಕೆಲವು ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲೇ ಕೊಡಬೇಕಾಗುತ್ತದೆ, ಅದನ್ನು ವೈದ್ಯರಲ್ಲಿ ಕೇಳಿಕೊಳ್ಳಿ.

ಉಪ್ಪು ತಿಂದರೆ ನಾಯಿಯ ಕೂದಲು ಉದುರುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಕೂದಲು ಉದುರಲು ಸಾಮಾನ್ಯ ಕಾರಣ ಉಣ್ಣೆ, ಚಿಗಟ, ಕಜ್ಜಿಯ ಹುಳ, ಶಿಲೀಂಧ್ರ. ಆದರೂ ಹಿರಿಯರ ಆ ಮಾತಿನಿಂದ ಎಷ್ಟೋ ನಾಯಿಗಳು ಉಪ್ಪಿನಿಂದ ದೂರ ಉಳಿದಿವೆ. ಒಂದು ಮಾತು ಮಾತ್ರ ಸೇರಿಸಬೇಕು: ಸಲಾಮಿಗೆ ಹೇಳಿದ್ದೆಲ್ಲ ಉಪ್ಪು ಮೀನಿಗೂ ಅನ್ವಯಿಸುತ್ತದೆ.

ಕೊಬ್ಬು ಮತ್ತು ಮೇದೋಜ್ಜೀರಕ

ಹಬ್ಬದ ಮರುದಿನ ಪಶುವೈದ್ಯರ ಬಾಗಿಲಿಗೆ ನಾಯಿಗಳನ್ನು ತರುವ ಕಾಯಿಲೆಗಳಲ್ಲಿ ಉಪ್ಪಿಗಿಂತ ಕೊಬ್ಬಿನ ಪಾತ್ರ ದೊಡ್ಡದು. ಹೊಟ್ಟೆಯ ಹಿಂದೆ ಮೇದೋಜ್ಜೀರಕ ಎಂಬ ಗ್ರಂಥಿ ಇದೆ. ಕೊಬ್ಬು ಮತ್ತು ಮಾಂಸವನ್ನು ಕರಗಿಸುವ ರಸಗಳನ್ನು ತಯಾರಿಸುವುದು ಅದರ ಕೆಲಸ. ಈ ರಸಗಳು ಕರುಳಿಗೆ ತಲುಪಿದ ಮೇಲೆ ಚುರುಕಾಗಬೇಕು. ಏನೋ ಏರುಪೇರಾಗಿ ಗ್ರಂಥಿಯ ಒಳಗೇ ಚುರುಕಾದರೆ ಅವು ಗ್ರಂಥಿಯನ್ನೇ ಜೀರ್ಣಿಸಲು ತೊಡಗುತ್ತವೆ. ಇದೇ ಮೇದೋಜ್ಜೀರಕದ ಉರಿಯೂತ. ನೋವು ಭಯಂಕರ. ತೀವ್ರವಾದರೆ ಸಾವೂ ಬರಬಹುದು.

2008ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು ಈ ಕಾಯಿಲೆ ಬಂದ ಸುಮಾರು 200 ನಾಯಿಗಳನ್ನು ಬಾರದ ನಾಯಿಗಳೊಂದಿಗೆ ಹೋಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ಕಸದ ಬುಟ್ಟಿಗೆ ಬಾಯಿ ಹಾಕಿದ, ರೂಢಿಯಿಲ್ಲದ ತಿನಿಸು ತಿಂದ, ಮನೆಯವರ ಊಟದ ಉಳಿಕೆ ತಿಂದ ನಾಯಿಗಳಿಗೆ ಈ ಕಾಯಿಲೆ ಬರುವ ಸಂಭವ ಹೆಚ್ಚೆಂದು ಅದರಲ್ಲಿ ಕಂಡುಬಂತು. ನಮ್ಮ ಹಬ್ಬದ ಸಂಜೆಯ ಅಂಗಳದಲ್ಲಿ ಈ ಮೂರೂ ಒಟ್ಟಿಗೆ ಇರುತ್ತವೆ.

ಸಾಸೇಜ್, ಸಲಾಮಿಗಳ ತೂಕದಲ್ಲಿ ನಾಲ್ಕರಲ್ಲಿ ಒಂದು ಪಾಲು, ಕೆಲವೊಮ್ಮೆ ಮೂರರಲ್ಲಿ ಒಂದು ಪಾಲು ಕೊಬ್ಬೇ. ಬೇಕನ್‌ನಲ್ಲಿ ಅದಕ್ಕಿಂತಲೂ ಹೆಚ್ಚು. ಬೇಕನ್ ಹುರಿದ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ನಾಯಿಯ ಅನ್ನಕ್ಕೆ ಸುರಿದು ಕಲಸುವ ರೂಢಿಯೂ ಕೆಲವೆಡೆ ಇದೆ. ಅದಂತೂ ಬೇಡವೇ ಬೇಡ. ವರ್ಷವಿಡೀ ಗಂಜಿ, ಅನ್ನ, ಮೀನು ತಿಂದು ಬೆಳೆದ ನಾಯಿಗೆ ಒಂದೇ ದಿನ ಇಷ್ಟು ಕೊಬ್ಬು ಬಿದ್ದರೆ ತಡೆದುಕೊಳ್ಳುವುದು ಕಷ್ಟ. ದಪ್ಪಗಿರುವ ನಾಯಿಗಳಿಗೆ, ಒಮ್ಮೆ ಈ ಕಾಯಿಲೆ ಬಂದು ಹೋದ ನಾಯಿಗಳಿಗೆ, ರಕ್ತದಲ್ಲಿ ಕೊಬ್ಬು ಸಹಜವಾಗಿಯೇ ಹೆಚ್ಚಿರುವ ಮಿನಿಯೇಚರ್ ಶ್ನಾಜರ್‌ನಂಥ ಜಾತಿಗಳಿಗೆ ಅಪಾಯ ಇನ್ನೂ ಜಾಸ್ತಿ.

ಗುರುತಿಸುವುದು ಹೇಗೆ? ಮತ್ತೆ ಮತ್ತೆ ವಾಂತಿ, ಊಟ ಬೇಡವೆನ್ನುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ಹೊಟ್ಟೆ ಮುಟ್ಟಿದರೆ ಗುರ್ರೆನ್ನುವುದು. ಇನ್ನೊಂದು ಲಕ್ಷಣವಿದೆ. ನಾಯಿ ಮುಂಗಾಲುಗಳನ್ನು ಚಾಚಿ ಎದೆಯನ್ನು ನೆಲಕ್ಕೆ ಊರಿ, ಹಿಂಭಾಗವನ್ನು ಮೇಲೆತ್ತಿ ಹಾಗೆಯೇ ನಿಲ್ಲುತ್ತದೆ. ಪಶುವೈದ್ಯರು ಇದನ್ನು ಪ್ರಾರ್ಥನೆಯ ಭಂಗಿ ಎಂದೇ ಕರೆಯುತ್ತಾರೆ. ಆಟಕ್ಕೆ ಕರೆಯುವ ನಾಯಿಯೂ ಹೀಗೆ ಬಾಗುತ್ತದೆ, ಆದರೆ ಅದು ಬಾಲ ಅಲ್ಲಾಡಿಸಿ ಕ್ಷಣದಲ್ಲಿ ಜಿಗಿದು ಓಡುತ್ತದೆ. ನೋವಿನ ನಾಯಿ ಆ ಭಂಗಿ ಬಿಟ್ಟು ಏಳುವುದಿಲ್ಲ. ಹೀಗೆ ಕಂಡರೆ ನಾಳೆ ನೋಡೋಣ ಎನ್ನಬೇಡಿ. ಹಲವು ದಿನ ಗ್ಲೂಕೋಸ್, ಸಲೈನ್ ಏರಿಸಿ ಉಳಿಸಿಕೊಳ್ಳಬೇಕಾದ ಕಾಯಿಲೆ ಇದು. ಮರುಕಳಿಸಿದರೆ ಮುಂದೆ ಸಕ್ಕರೆ ಕಾಯಿಲೆಗೂ ದಾರಿಯಾಗಬಹುದು.

ಕೊಬ್ಬಿನ ಮಾತು ಬಂದಾಗ ಪ್ರಮಾಣದ ಬಗ್ಗೆಯೂ ಹೇಳಬೇಕು. ನಮ್ಮ ಕೈಯಲ್ಲಿ ಸಣ್ಣದಾಗಿ ಕಾಣುವ ತುಂಡು ನಾಯಿಗೆ ಸಣ್ಣದಲ್ಲ. 10 ಕಿಲೋ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 600 ಕ್ಯಾಲರಿ. ತಿಂಡಿ-ತಿನಿಸು ಇದರ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ, ಅಂದರೆ 60 ಕ್ಯಾಲರಿ. ಒಂದು ಸಾಸೇಜ್‌ನಲ್ಲಿ 140ರಷ್ಟು ಇರುತ್ತದೆ. ದೊಡ್ಡವರ ಲೆಕ್ಕಕ್ಕೆ ತಿರುಗಿಸಿದರೆ ನಾವು ಹೊಟ್ಟೆ ತುಂಬ ಊಟ ಮಾಡಿ ಅದರ ಮೇಲೆ ಮೂರಕ್ಕಿಂತ ಹೆಚ್ಚು ಸಾಸೇಜ್ ತಿಂದ ಹಾಗೆ. ದಿನವೂ ಹೀಗಾದರೆ ನಾಯಿ ಊದದೆ ಇನ್ನೇನಾದೀತು?

ಕಣ್ಣಿಗೆ ಕಾಣದ ಈರುಳ್ಳಿ

ಈ ವಿಷಯ ಹಲವರಿಗೆ ಹೊಸದಾಗಿರಬಹುದು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಹಸಿಯಾಗಿದ್ದರೂ ಬೇಯಿಸಿದ್ದರೂ ಹುರಿದಿದ್ದರೂ ಪುಡಿಯಾಗಿದ್ದರೂ ವಿಷವೇ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹತೂಕದ ಶೇಕಡಾ 0.5ಕ್ಕಿಂತ ಹೆಚ್ಚು ಈರುಳ್ಳಿಯನ್ನು ಒಂದೇ ಸಲಕ್ಕೆ ತಿಂದ ನಾಯಿಗಳಲ್ಲಿ ತೊಂದರೆ ಕಂಡುಬಂದಿದೆ. 10 ಕಿಲೋ ನಾಯಿಗೆ ಅದು 50 ಗ್ರಾಂ, ಒಂದು ಸಾಧಾರಣ ಈರುಳ್ಳಿಗಿಂತಲೂ ಕಡಿಮೆ. ಬೆಳ್ಳುಳ್ಳಿ ಈರುಳ್ಳಿಗಿಂತ ಹಲವು ಪಟ್ಟು ತೀಕ್ಷ್ಣ. ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೂ ಜಾಗ್ರತೆ ಬೇಕು, ಬೆಕ್ಕಿಗೆ ಇದರ ಅರ್ಧವೂ ಬೇಕಾಗಿಲ್ಲ.

ಸಾಸೇಜ್, ಸಲಾಮಿಗಳಲ್ಲಿ ರುಚಿಗೆಂದು ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಸೇರಿಸುವುದು ಮಾಮೂಲು. ನೀರಿನಂಶ ಹೋದ ಪುಡಿಯಲ್ಲಿ ಸತ್ವ ಗಟ್ಟಿಯಾಗಿರುತ್ತದೆ. ಪೊಟ್ಟಣದ ಮೇಲೆ ಬರೇ ಮಸಾಲೆ ಪದಾರ್ಥಗಳು ಎಂದಷ್ಟೇ ಬರೆದಿರುವುದೂ ಉಂಟು. ಅದರೊಳಗೆ ಏನೇನಿದೆ ಎಂದು ಓದಿ ತಿಳಿಯುವ ಹಾಗಿಲ್ಲ. ಗೋವಾದ ಕಡೆಯ ಚೋರಿಸ್‌ನಲ್ಲಿ ಬೆಳ್ಳುಳ್ಳಿ, ಮೆಣಸು, ವಿನೆಗರ್ ಎಲ್ಲವೂ ಧಾರಾಳ.

ಈ ವಿಷದ ಮೋಸವೆಂದರೆ ಅದು ಕೂಡಲೇ ತೋರಿಸಿಕೊಳ್ಳುವುದಿಲ್ಲ. ಭಾನುವಾರ ತಿಂದ ನಾಯಿ ಸೋಮವಾರ ಚೆನ್ನಾಗಿಯೇ ಓಡಾಡಬಹುದು. ಬುಧವಾರವೋ ಗುರುವಾರವೋ ಸುಸ್ತಾಗಿ ಮಲಗುತ್ತದೆ, ಒಸಡು ಬಿಳುಚಿಕೊಳ್ಳುತ್ತದೆ, ಮೂತ್ರ ಕಂದುಗೆಂಪಾಗುತ್ತದೆ. ಅಷ್ಟರಲ್ಲಿ ಭಾನುವಾರದ ಊಟ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ನಾಯಿಯ ಒಸಡು ಸಾಮಾನ್ಯ ದಿನಗಳಲ್ಲಿ ಎಷ್ಟು ಕೆಂಪಗಿರುತ್ತದೆ ಎಂದು ಒಮ್ಮೆ ತುಟಿ ಎತ್ತಿ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿ ನಮ್ಮ ಅಡುಗೆಮನೆಯ ಮಾತೂ ಬರಬೇಕು. ಅಂಗಡಿಯ ಹ್ಯಾಮ್ ಬೇಡವೆಂದು ಮನೆಯ ಹಂದಿ ಬಫಾತ್ ಹಾಕಿದರೆ ನಾಯಿಗೆ ಆಪತ್ತು ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗುತ್ತದೆ. ಸೇರುಗಟ್ಟಲೆ ಈರುಳ್ಳಿ, ಬೆಳ್ಳುಳ್ಳಿ, ಅದರ ಮೇಲೆ ತೇಲುವ ಕೊಬ್ಬು, ಹುಳಿ. ಹುಣಸೆ ಹುಳಿಯ ಬಗ್ಗೆಯೂ ಎಚ್ಚರ ಬೇಕೆಂದು 2022ರಲ್ಲಿ ಅಮೆರಿಕದ ಪಶುವೈದ್ಯರು ಬರೆದಿದ್ದಾರೆ. ಹುಣಸೆಹಣ್ಣು ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ಅವರು ವರದಿ ಮಾಡಿದರು. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಗೆ ವಿಷವಾಗುವುದೂ ಅದರಲ್ಲಿರುವ ಅದೇ ಟಾರ್ಟಾರಿಕ್ ಆಮ್ಲದಿಂದ ಇರಬೇಕೆಂಬುದು ಅವರ ಅಭಿಪ್ರಾಯ. ಕ್ರಿಸ್‌ಮಸ್ ಕೇಕಿನ ಒಣದ್ರಾಕ್ಷಿ, ಕುಸ್ವಾರ್ ತಟ್ಟೆಯ ಚಾಕೊಲೇಟ್ ಇವೂ ನಾಯಿಗೆ ನಿಷಿದ್ಧವೆಂದು ಇಲ್ಲೇ ಹೇಳಿಬಿಡುತ್ತೇನೆ.

ನೈಟ್ರೈಟ್ ಎಂಬ ಹೆದರಿಕೆ

ಹ್ಯಾಮ್‌ಗೆ ಆ ನಸುಗೆಂಪು ಬಣ್ಣ ಬರುವುದು ಸೋಡಿಯಂ ನೈಟ್ರೈಟ್‌ನಿಂದ. ಪೊಟ್ಟಣದ ಮೇಲೆ ಐಎನ್‌ಎಸ್ 250 ಎಂದು ಬರೆದಿದ್ದರೆ ಅದು ಇದೇ. ಇದನ್ನು ಬಣ್ಣಕ್ಕಾಗಿ ಮಾತ್ರ ಹಾಕುವುದಲ್ಲ. ಗಾಳಿಯಿಲ್ಲದ ಕಡೆ ಬೆಳೆದು ಮಾರಕ ವಿಷ ಉಗುಳುವ ಬೊಟುಲಿನಂ ಎಂಬ ರೋಗಾಣುವನ್ನು ಇದು ತಡೆಯುತ್ತದೆ. ಆ ಹೆಸರು ಬಂದದ್ದೂ ಸಾಸೇಜ್‌ನಿಂದಲೇ. ಲ್ಯಾಟಿನ್ ಭಾಷೆಯಲ್ಲಿ ಬೊಟುಲುಸ್ ಎಂದರೆ ಸಾಸೇಜ್. 1820ರ ಸುಮಾರಿಗೆ ಜರ್ಮನಿಯ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ ಸಾಸೇಜ್ ತಿಂದು ಸತ್ತವರ ಬಗ್ಗೆ ವಿವರವಾಗಿ ಬರೆದಿಟ್ಟಿದ್ದ.

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನ ಸಂಭವ ಸುಮಾರು ಶೇಕಡಾ 18ರಷ್ಟು ಏರುತ್ತದೆಂದು ಅದು ಹೇಳಿತು. ಈ ಲೆಕ್ಕ ಮನುಷ್ಯರದ್ದು, ನಾಯಿಗೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಅಂಗಡಿಯ ಹ್ಯಾಮ್‌ನಲ್ಲಿರುವ ನೈಟ್ರೈಟ್ ಅತ್ಯಲ್ಪ. ನಾಯಿಯ ಮಟ್ಟಿಗೆ ನಾನು ಇದನ್ನು ಉಪ್ಪು, ಕೊಬ್ಬು, ಈರುಳ್ಳಿಗಳ ನಂತರವೇ ಇಡುತ್ತೇನೆ. ನಾಯಿಗಾಗಿ ಈ ಸಾಲು ಓದಿದವರು ತಮ್ಮ ಮಕ್ಕಳ ಟಿಫಿನ್ ಡಬ್ಬಿಯನ್ನೂ ಒಮ್ಮೆ ಇಣುಕಿ ನೋಡಬಹುದು.

ಹಳಸಿದ್ದು ನಾಯಿಗೆ ಎಂಬ ರೂಢಿ

ಮಳೆಗಾಲದಲ್ಲಿ ನಮ್ಮೂರುಗಳಲ್ಲಿ ಕರೆಂಟ್ ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ಫ್ರಿಜ್‌ನಲ್ಲಿ ಬಿಡಿಸಿಟ್ಟ ಸಲಾಮಿ ಲೋಳೆಯಾಗುತ್ತದೆ, ವಾಸನೆ ಬರುತ್ತದೆ. ನಾವು ತಿನ್ನುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ, ನಾಯಿಗೆ ಹಾಕು ಎನ್ನುತ್ತೇವೆ. ನಾಯಿಯ ಹೊಟ್ಟೆ ನಮ್ಮದಕ್ಕಿಂತ ಗಟ್ಟಿ ಎಂಬುದು ಸ್ವಲ್ಪ ಮಟ್ಟಿಗೆ ನಿಜ, ಆದರೆ ಹಳಸಿದ ಮಾಂಸದಿಂದ ಅದಕ್ಕೂ ವಾಂತಿ ಭೇದಿ ಆಗುತ್ತದೆ. ಲಿಸ್ಟೀರಿಯಾ ಎಂಬ ರೋಗಾಣು ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು. 2017-18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪೊಲೋನಿ ಎಂಬ ಸಾಸೇಜ್ ಜಾತಿಯ ಮಾಂಸದಿಂದ ಇದು ಹರಡಿ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 200ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸತ್ತವರಲ್ಲಿ ಹಸುಗೂಸುಗಳು ಬಹಳ. ನಾಯಿಗೆಂದು ಕೆಟ್ಟ ಮಾಂಸ ಕೊಯ್ದ ಕೈ, ಚೂರಿ, ಮಣೆ ಮನೆಯ ಗರ್ಭಿಣಿಗೂ ಮಗುವಿಗೂ ಅಪಾಯ ತರಬಲ್ಲವು. ಕೆಟ್ಟದ್ದನ್ನು ಹೂತುಬಿಡಿ, ನಾಯಿ ಕೆದಕದಷ್ಟು ಆಳಕ್ಕೆ.

ನಮ್ಮ ನಾಯಿ ಹತ್ತು ವರ್ಷದಿಂದ ತಿನ್ನುತ್ತಿದೆ, ಏನೂ ಆಗಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಆಗದೆ ಇರುವ ನಾಯಿಗಳು ನಿಜವಾಗಿಯೂ ಇವೆ. ಊರ ನಾಯಿ ದಿನವಿಡೀ ಓಡಾಡುತ್ತದೆ, ಸಿಕ್ಕಿದ್ದನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ, ತೂಕವೂ 15-20 ಕಿಲೋ. ಆದರೆ ತೋಟದ ಮೂಲೆಯಲ್ಲಿ ಸತ್ತು ಸಿಕ್ಕ ನಾಯಿಗೆ ಯಾರೂ ಮರಣೋತ್ತರ ಪರೀಕ್ಷೆ ಮಾಡಿಸುವುದಿಲ್ಲ. ಯಾರೋ ವಿಷ ಹಾಕಿದರು, ಹಾವು ಕಚ್ಚಿತು ಎಂದು ಹೇಳಿ ಮುಗಿಸುತ್ತೇವೆ. ಹಬ್ಬ ಕಳೆದ ವಾರದಲ್ಲಿ ಸತ್ತ ನಾಯಿಗಳ ಪೈಕಿ ಎಷ್ಟಕ್ಕೆ ತಟ್ಟೆಯೇ ಕಾರಣವಾಗಿತ್ತೋ, ಲೆಕ್ಕ ಇಟ್ಟವರಿಲ್ಲ.

ಸಭಾಭವನದ ಹಿಂಬದಿ

ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಇಗರ್ಜಿಯ ಆವರಣದ ನಾಯಿ ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಕ್ರೈಸ್ತಶಿಕ್ಷಣದ ಮಕ್ಕಳು ಒಬ್ಬೊಬ್ಬರಾಗಿ ಪಫ್ಸ್, ಸಾಸೇಜ್ ರೋಲ್‌ಗಳ ಚೂರು ಹಾಕುತ್ತಾರೆ. ಒಂದು ಮಗು ಹಾಕಿದ ಚೂರು ಸಣ್ಣದೇ. ನಲವತ್ತು ಮಕ್ಕಳದ್ದು ಸಣ್ಣದಲ್ಲ. ಮಕ್ಕಳಿಗೆ ಬಯ್ಯುವ ಬದಲು ಒಂದು ಪಾತ್ರೆ ನೀರನ್ನು ನಾಯಿಗಾಗಿ ಇಡುವ ಜವಾಬ್ದಾರಿಯನ್ನು ಅವರಿಗೇ ವಹಿಸಬಹುದು.

ಮದುವೆ, ಹಬ್ಬಗಳ ಔತಣದ ನಂತರ ಸಭಾಭವನದ ಹಿಂದೆ ಎಲೆ-ತಟ್ಟೆಗಳ ರಾಶಿ ಬೀಳುತ್ತದೆ. ಅಲ್ಲಿ ಮಾಂಸಕ್ಕಿಂತ ಮಾಂಸದ ಜೊತೆಗಿರುವುದು ಹೆಚ್ಚು ಅಪಾಯ. ಕಾಕ್‌ಟೇಲ್ ಸಾಸೇಜ್‌ಗೆ ಚುಚ್ಚಿದ ಟೂತ್‌ಪಿಕ್, ಕಬಾಬಿನ ಕಡ್ಡಿ, ಸಾಸೇಜ್‌ನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ, ಅಲ್ಯೂಮಿನಿಯಂ ಹಾಳೆ ಎಲ್ಲಕ್ಕೂ ಮಾಂಸದ ವಾಸನೆ ಹತ್ತಿರುತ್ತದೆ, ನಾಯಿ ಬಿಡಿಸಿ ತಿನ್ನುವುದಿಲ್ಲ. ಕಡ್ಡಿ ಕರುಳನ್ನು ತೂತು ಮಾಡುತ್ತದೆ, ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತದೆ. ಬೇಯಿಸಿದ ಮೂಳೆಯೂ ಹಾಗೆಯೇ. ಬೆಂದ ಮೂಳೆ ಸೀಳಿ ಚೂಪಾಗುತ್ತದೆ. ಹ್ಯಾಮ್‌ನ ದೊಡ್ಡ ಮೂಳೆ ಕಡಿದು ಹಲ್ಲು ಮುರಿದುಕೊಳ್ಳುವ ನಾಯಿಗಳೂ ಇವೆ. ಅಡುಗೆಯವರೊಂದಿಗೆ ಮಾತಾಡುವಾಗ ಊಟದ ಪಟ್ಟಿ ನಿಗದಿ ಮಾಡಿದಂತೆಯೇ ಮುಚ್ಚಳವಿರುವ ಡ್ರಮ್ಮುಗಳನ್ನೂ ಕೇಳಿ ಪಡೆಯಿರಿ. ಅದೇ ರಾತ್ರಿ ಕಸ ಸಾಗಿಸುವ ವ್ಯವಸ್ಥೆಯಾದರೆ ಇನ್ನೂ ಉತ್ತಮ.

ಹಾಗಾದರೆ ಏನು ಕೊಡೋಣ?

ನಮ್ಮ ಹಳೆಯ ರೂಢಿ ಅಷ್ಟೇನೂ ಕೆಟ್ಟದ್ದಲ್ಲ. ನಾಯಿ ತೋಳದ ಸಂತತಿ, ಅದಕ್ಕೆ ಮಾಂಸವೇ ಬೇಕು ಎನ್ನುವವರಿದ್ದಾರೆ. ಆದರೆ 2013ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ತೋರಿಸಿದಂತೆ, ಮನುಷ್ಯನ ಜೊತೆ ಬಾಳುತ್ತ ಬಂದ ನಾಯಿಗೆ ಪಿಷ್ಟವನ್ನು ಅರಗಿಸುವ ಶಕ್ತಿ ತೋಳಕ್ಕಿಂತ ಬಹಳ ಹೆಚ್ಚಾಗಿದೆ. ಅನ್ನ ಅದಕ್ಕೆ ಒಗ್ಗುತ್ತದೆ. ಅನ್ನದ ಜೊತೆ ಉಪ್ಪು ಮಸಾಲೆ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಅಥವಾ ಬಂಗುಡೆ, ಮೂಳೆಯಿಲ್ಲದ ಕೋಳಿ, ಬೇಯಿಸಿದ ಮೊಟ್ಟೆ, ಸ್ವಲ್ಪ ಸಿಹಿಕುಂಬಳ ಅಥವಾ ಕ್ಯಾರೆಟ್ ಹಾಕಿದರೆ ತಟ್ಟೆ ಚೆನ್ನಾಗಿಯೇ ಇರುತ್ತದೆ. ಮರಿಗಳಿಗೂ ಗಬ್ಬವಾದ ನಾಯಿಗೂ ಇಷ್ಟೇ ಸಾಲದು, ಅವುಗಳಿಗೆ ಬೇಕಾದ ಕ್ಯಾಲ್ಸಿಯಂ ಮುಂತಾದವನ್ನು ವೈದ್ಯರಲ್ಲಿ ಕೇಳಿ ಸರಿಪಡಿಸಿಕೊಳ್ಳಬೇಕು.

ಹಬ್ಬದ ದಿನ ನಾಯಿಗೂ ಹಂದಿಮಾಂಸ ಕೊಡಲೇಬೇಕೆಂಬ ಮನಸ್ಸಿದ್ದರೆ ಸುಲಭದ ದಾರಿ ಇದೆ. ಮಾಂಸ ಬೇಯಿಸುವಾಗ ಕೊಬ್ಬಿಲ್ಲದ ನಾಲ್ಕು ತುಂಡುಗಳನ್ನು ಬೇರೆ ಪಾತ್ರೆಯಲ್ಲಿ ಬರೇ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಉಪ್ಪು, ಈರುಳ್ಳಿ, ಮಸಾಲೆಯ ಹತ್ತಿರಕ್ಕೆ ಹೋಗುವ ಮೊದಲೇ ಅದು ನಾಯಿಯ ಪಾಲು. ನಾಯಿಗೆ ನಮ್ಮ ನಾಲಗೆಯಷ್ಟು ರುಚಿಮೊಗ್ಗುಗಳಿಲ್ಲ, ಅದು ಆಹಾರವನ್ನು ಮೆಚ್ಚುವುದು ಮೂಗಿನಿಂದ. ಬಫಾತ್ ಹುಡಿ ಇಲ್ಲವೆಂದು ಅದು ಬೇಸರ ಮಾಡಿಕೊಳ್ಳುವುದಿಲ್ಲ. ಅಂದಹಾಗೆ ಮೊಂತಿ ಹಬ್ಬದ ದಿನ ನಮ್ಮ ಮನೆಗಳಲ್ಲಿ ಮೀನೂ ಇಲ್ಲ, ಮಾಂಸವೂ ಇಲ್ಲ. ನಾಯಿಯ ಹೊಟ್ಟೆಗೆ ಆ ಹಬ್ಬವೇ ಹಿತ, ಈರುಳ್ಳಿ ಹಾಕಿದ ಪಲ್ಯವೊಂದನ್ನು ಬಿಟ್ಟು.

ತಿಂದುಬಿಟ್ಟರೆ?

ಆರೋಗ್ಯವಂತ ನಾಯಿ ಒಂದೆರಡು ಚೂರು ತಿಂದಿದ್ದರೆ ನೀರಿಡಿ, ಆ ದಿನದ ಉಳಿದ ಊಟ ಹಗುರವಾಗಿರಲಿ, ಎರಡು ದಿನ ಗಮನಿಸಿ. ಇಡೀ ಪೊಟ್ಟಣ ನುಂಗಿದ್ದರೆ, ನಾಯಿ ತೀರ ಸಣ್ಣದಾಗಿದ್ದರೆ, ಮೊದಲೇ ಹೃದಯ, ಮೂತ್ರಪಿಂಡ, ಮೇದೋಜ್ಜೀರಕದ ತೊಂದರೆ ಇದ್ದರೆ, ಈರುಳ್ಳಿ ಇದ್ದ ಅಡುಗೆ ತಿಂದಿದ್ದರೆ ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ತಿಂದು ಒಂದೆರಡು ಗಂಟೆಯೊಳಗಾದರೆ ವಾಂತಿ ಮಾಡಿಸಿ ಹೊರತೆಗೆಯಲು ಅವರಿಗೆ ಸಾಧ್ಯ. ವಿಪರೀತ ಬಾಯಾರಿಕೆ, ತೂರಾಡುವುದು, ಮೈ ಅದುರುವುದು, ಫಿಟ್ಸ್ ಬರುವುದು ಉಪ್ಪು ತಲೆಗೇರಿದ ಗುರುತುಗಳು. ಆಗ ಒಂದು ನಿಮಿಷವೂ ತಡಮಾಡಬಾರದು.

ಮನೆಯಲ್ಲಿ ಮಾಡಬಾರದ ಎರಡು ಕೆಲಸಗಳಿವೆ. ವಾಂತಿಯಾಗಲೆಂದು ಉಪ್ಪುನೀರು ಕುಡಿಸಬೇಡಿ. ಉಪ್ಪು ತಿಂದ ನಾಯಿಗೆ ಮತ್ತೆ ಉಪ್ಪು ಹಾಕಿದಂತಾಗುತ್ತದೆ, ಹೀಗೆ ಕುಡಿಸಿದ ಉಪ್ಪಿನಿಂದಲೇ ನಾಯಿಗಳು ಸತ್ತದ್ದಿದೆ. ಎರಡನೆಯದು, ಹೊಟ್ಟೆನೋವಿಗೆಂದು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಬೇಡಿ. ಅವು ನಾಯಿಗೆ ವಿಷವಾಗಬಲ್ಲವು.

ವೈದ್ಯರ ಬಳಿ ಹೋಗುವಾಗ ಖಾಲಿ ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು, ನಾಯಿಯ ತೂಕ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಅವರು ಖಂಡಿತ ಕೇಳುತ್ತಾರೆ. ತೂಕ ಗೊತ್ತಿಲ್ಲದವರು ಇವತ್ತೇ ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ತಮ್ಮ ತೂಕ ಕಳೆದು, ಸಿಕ್ಕ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಲಿ.